ಪಿಸುಮಾತೂ ಬೇಡ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ತರಕಾರಿ ಮಂಡಿಯ ಗೇಟಿನ ದೀಪ ಒಂದು ಹಳದಿ ಕಲೆಯಾಗಿ ಮಾತ್ರ ಕಾಣುತ್ತಿತ್ತು. ಅದರ ಕೆಳಗೆ ಯಾರು ಬಂದರು, ಯಾರು ಹೋದರು ಒಂದೂ ತಿಳಿಯುತ್ತಿರಲಿಲ್ಲ. ಲಾರಿಗಳು ಎರಡು ಗಂಟೆ ತಡವಾಗಿ ಬಂದವು. ಬಂದ ಮೇಲೂ ಮಂಡಿಗೆ ಎಂದಿನ ಎಚ್ಚರ ಬರಲಿಲ್ಲ. ಹಲಗೆಯ ಮೇಲೆ ನಿಂತು ಹರಾಜು ಕೂಗುವವನು ಅಂದು ಇರಲಿಲ್ಲ.

ಇಪ್ಪತ್ತಾರು ವರ್ಷ ಅದೇ ಹಲಗೆ, ಅದೇ ದನಿ. ಎಲ್ಲರ ಬಾಯಲ್ಲೂ ಅವನು ಕೂಗಣ್ಣ. ಅವನ ದನಿ ಆಚೆ ತುದಿಯ ಈರುಳ್ಳಿ ಗೋದಾಮಿನ ತನಕ ಹೋಗಿ, ಗೋಡೆಗೆ ಬಡಿದು, ವಾಪಸ್ ಬರುವಾಗ ದರವನ್ನು ಇನ್ನೊಂದು ಸಲ ಹೇಳಿಕೊಂಡು ಬರುತ್ತದೆ ಎಂದು ಹಮಾಲರು ನಗುತ್ತಿದ್ದರು.

ಅದೇ ಹೊತ್ತಿಗೆ ಕೂಗಣ್ಣ ಆಸ್ಪತ್ರೆಯಿಂದ ಬಂದು, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಅಡುಗೆಮನೆಯ ಮೇಜಿನ ಮುಂದೆ ಕುಳಿತಿದ್ದ. ಹಿಂದಿನ ದಿನ ಅವನ ಗಂಟಲೊಳಗಿನ ಗಂಟೊಂದನ್ನು ತೆಗೆದಿದ್ದರು. ಪ್ರಾಣಕ್ಕೆ ಅಪಾಯದ ಗಂಟಲ್ಲ, ಕೂಗಿ ಕೂಗಿ ಬೆಳೆದದ್ದು. ಹೆಂಡತಿ ಡಾಕ್ಟರ ಚೀಟಿಯನ್ನು ಬೆಳಕಿಗೆ ಹಿಡಿದು, ಕಿವಿ ಮಂದವಾಗಿದ್ದ ಅತ್ತೆಗೆ ಕೇಳಿಸುವಂತೆ ಓದಿದಳು.

"ಮೂರು ವಾರ ಮಾತು ಬೇಡ. ಗಂಟಲು ಸರಿಮಾಡ್ಕೊಳ್ಳೋದು ಬೇಡ. ಪಿಸುಮಾತೂ ಬೇಡ. ಕೇಳಿಸ್ತಾ ಅತ್ತೆ?"

"ಏನು ಬೇಡ?"

"ಪಿಸುಮಾತು! ಪಿಸುಮಾತು ಬೇಡ!"

"ಅದಕ್ಕೆ ನೀನ್ಯಾಕೆ ಹಿಂಗೆ ಕಿರುಚ್ತೀಯ?" ಎಂದಳು ಅಜ್ಜಿ.

ಅಂದು ಮಂಡಿಯ ಕೆಲಸಕ್ಕೆ ರಜೆ ಹಾಕಿದ್ದ ಮಗಳು ಫಕ್ಕನೆ ನಕ್ಕಳು. ಕೂಗಣ್ಣನಿಗೂ ನಗು ಉಕ್ಕಿತು. ನಗುವುದೂ ಬೇಡವೇನೋ ಎಂದು ಹೆದರಿ ಬಾಯಿಗೆ ಕೈ ಅಡ್ಡ ಹಿಡಿದ.

ಅಜ್ಜಿಗೆ ಮಾತ್ರ ನಗು ಬರಲಿಲ್ಲ. ಹನ್ನೊಂದು ವರ್ಷದಿಂದ ಅವಳ ಕಿವಿಗೆ ಸಲೀಸಾಗಿ ಬೀಳುತ್ತಿದ್ದದ್ದು ಮಗನ ದನಿ ಒಂದೇ. ಉಳಿದವರದ್ದೆಲ್ಲ ಬಾಗಿಲ ಆಚೆಯಿಂದ ಬಂದಂತೆ ಕೇಳುತ್ತಿತ್ತು. "ಮೂರು ವಾರ ನನ್ನ ಪಾಲಿಗೆ ಮನೆಯೇ ಖಾಲಿ ಅನ್ನು," ಎಂದು ಲೋಟ ಹಿಡಿದು ಎದ್ದಳು.

ಆ ಮನೆಯಲ್ಲಿ ಸಂಜೆ ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುವವನು ಕೂಗಣ್ಣನೇ. ಮಂಡಿಯಲ್ಲಿ ನಿಂತ ಹಾಗೇ ನಿಂತು, ಊರಿನ ಕಾಯಿಲೆಯವರನ್ನೂ ಕೆಲಸವಿಲ್ಲದವರನ್ನೂ ಒಬ್ಬೊಬ್ಬರಾಗಿ ದೇವರ ಮುಂದೆ ಸಾಲುಗಟ್ಟಿಸುತ್ತಿದ್ದ. ನಾಲ್ಕನೆಯ ಮನೆಯವರೂ ಅವರವರ ಊಟದ ಮೇಜಿನಿಂದಲೇ ಆಮೆನ್ ಎನ್ನಬಹುದಿತ್ತು. ಅಂದು ಹೆಂಡತಿ ತಲೆಗೆ ಸೆರಗು ಹೊದ್ದು, "ಕರ್ತನೇ, ಇವರ ದನಿ ಇವರಿಗೆ ತಿರುಗಿ ಕೊಡು. ಅಲ್ಲಿ ತನಕ ನಮಗೆ ತಾಳ್ಮೆ ಕೊಡು. ಈ ಊಟಕ್ಕೆ ಸ್ತೋತ್ರ. ಆಮೆನ್," ಎಂದಳು.

"ಮುಗೀತಾ?" ಅಜ್ಜಿ ಕಣ್ಣು ಬಿಟ್ಟಳು.

"ಮುಗೀತು ಅಜ್ಜಿ. ಈ ಮನೇಲಿ ಬಿಸಿ ಗಂಜಿ ಕುಡೀತಿರೋದು ಇದೇ ಮೊದಲು," ಎಂದಳು ಮಗಳು.

ಮೂರು ದಿನ ಕೂಗಣ್ಣ ಹೇಳಿದಂತೆ ನಡೆದುಕೊಂಡ. ಒಂದು ಬರೆಯುವ ಪುಸ್ತಕ ಇಟ್ಟುಕೊಂಡು, ನೀರು ಬೇಕಾದರೆ 'ನೀರು' ಎಂದು, ಉಪ್ಪು ಬೇಕಾದರೆ 'ಉಪ್ಪು' ಎಂದು ಬರೆದ. ಬರೆದದ್ದನ್ನು ಹೆಂಡತಿ ಅಜ್ಜಿಗಾಗಿ ಗಟ್ಟಿಯಾಗಿ ಓದುತ್ತಿದ್ದಳು. ನಾಲ್ಕನೆಯ ದಿನ ಬೆಳಗಿನ ಜಾವ, ಮಂಡಿಗೆ ಹೋಗುತ್ತಿದ್ದ ಹೊತ್ತಿಗೆ ಎಂದಿನಂತೆ ಎಚ್ಚರವಾಯಿತು. ಹಿಂಬಾಗಿಲ ಹತ್ತಿರದ ಬೆಂಚಿನ ಮೇಲೆ ಒಬ್ಬನೇ ಕುಳಿತು ಪ್ರಾರ್ಥಿಸತೊಡಗಿದ. ಮೊದಲು ಮನಸ್ಸಿನಲ್ಲಿ. ಅದು ಅವನಿಗೆ ರುಚಿಸಲಿಲ್ಲ. ಹೇಳಿದ್ದು ಯಾರಿಗೂ ತಲುಪಲಿಲ್ಲವೇನೋ ಅನ್ನಿಸಿತು. ತುಟಿ ಅಲುಗಿತು, ತುಟಿಯ ಹಿಂದೆಯೇ ಪಿಸುಮಾತು ಬಂತು. ದೇವರ ಹತ್ತಿರ ಆಡುವುದೂ ಮಾತೇ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಅರ್ಧ ಗಂಟೆ 'ದನಿ ಕೊಡು, ಬೇಗ ಕೊಡು' ಎಂದು ಬೇಡಿಕೊಂಡು, ಹಗುರಾಗಿ ಒಳಗೆ ಬಂದ. ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನವೂ.

ಇತ್ತ ಮಂಡಿಯಲ್ಲಿ ಅವನ ಬದಲಿಗೆ ನಿಂತವನು ಯಜಮಾನರ ಬಾಮೈದ. ಮಗಳು ಅಲ್ಲೇ ಹಲಗೆಯ ಕೆಳಗೆ ಪೆಟ್ಟಿಗೆಯ ಮೇಲೆ ಕುಳಿತು ಹರಾಜಿನ ಚೀಟಿ ಬರೆಯುವವಳು. ಯಾವ ಸರಕು, ಯಾರಿಗೆ, ಎಷ್ಟಕ್ಕೆ ಎಂದು. ಬಾಮೈದ ಒಂದೇ ಕೋಸಿನ ರಾಶಿಯನ್ನು ಇಬ್ಬರಿಗೆ ಮಾರಿದ. ಬೀನ್ಸಿಗೆ ಬಟಾಣಿ ಎಂದ. ಒಂಬತ್ತನೆಯ ದಿನ ಇಬ್ಬರು ಕೊಳ್ಳುವವರು ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡರು, ಬಾಮೈದ ಟೀ ಕುಡಿದು ಬರುತ್ತೇನೆಂದು ಹೋದವನು ಬರಲೇ ಇಲ್ಲ. ಟೊಮೇಟೊ ಲಾರಿ ಬಿಸಿಲಿಗೆ ನಿಂತಿತ್ತು. ಮಗಳು ಚೀಟಿ ಪುಸ್ತಕ ಕಂಕುಳಿಗೆ ಸಿಕ್ಕಿಸಿಕೊಂಡು ಹಲಗೆ ಹತ್ತಿದಳು.

ಆ ಸಂಜೆ ಊಟಕ್ಕೆ ಕುಳಿತಾಗ ಅವಳೇ ವಿಷಯ ತೆಗೆದಳು.

"ಅಪ್ಪ, ಇವತ್ತು ನಾನೇ ಕೂಗಿದೆ. ಏಳು ಲಾರಿ. ಒಂದೂ ಜಗಳ ಇಲ್ಲ."

ಕೂಗಣ್ಣನ ಚಮಚ ನಿಂತಿತು.

"ನನ್ನದು ಸಣ್ಣ ದನಿ ಅಲ್ವಾ? ಕೇಳಿಸಲಿ ಅಂತ ಎಲ್ಲ ಹತ್ತಿರ ಬಂದು ನಿಂತ್ರು. ಯಜಮಾನರು ಏನಂದ್ರು ಗೊತ್ತಾ..."

"ಏಯ್!"

ಕೈ ಮೇಜಿನ ಮೇಲೆ ಬಡಿದದ್ದೂ ಬಾಯಿಂದ ಶಬ್ದ ಹೊರಟದ್ದೂ ಒಟ್ಟಿಗೇ ಆಯಿತು. ಒಡೆದ ಮಡಕೆಗೆ ಕಲ್ಲು ಬಿದ್ದಂಥ ಶಬ್ದ. ಹೆಂಡತಿ ಓಡಿ ಬಂದು ಅವನ ಬಾಯಿಗೆ ಅಂಗೈ ಒತ್ತಿದಳು.

"ಅಯ್ಯೋ ದೇವರೇ! ಏನ್ ಮಾಡಿದ್ರಿ!"

ಅವನು ಅವಳ ಕೈ ಸರಿಸಿ, ಹಾಳೆ ಹರಿಯುವಷ್ಟು ಒತ್ತಿ ಬರೆದ. ಹೆಂಡತಿ ಓದಿದಳು. "ಅದು ನನ್ನ ಜಾಗ. ನಾನು ಬರುವ ತನಕ ಯಾರೂ ಹತ್ತಬೇಡಿ."

"ಟೊಮೇಟೊ ನೀವು ಬರೋ ತನಕ ಕಾಯಲ್ಲ ಅಪ್ಪ," ಎಂದಳು ಮಗಳು.

"ಸುಮ್ನಿರೇ ನೀನು," ತಾಯಿ ಗದರಿಸಿದಳು. ಆಮೇಲೆ ಗಂಡನ ಕಡೆ ತಿರುಗಿ, ದನಿ ತಗ್ಗಿಸಿ, "ರೀ, ನಾನು ಹಗಲೆಲ್ಲ ಹೊಲಿಗೆ ಮೆಷಿನ್ ತುಳಿದ್ರೆ ಬರೋದು ಹಾಲಿಗೆ, ಬ್ರೆಡ್ಡಿಗೆ ಸರಿಹೋಗುತ್ತೆ. ನಿಮ್ಮ ಔಷಧಿಗೆ? ಅವಳು ಕೂಗ್ಲಿ. ಜಾಗ ಮನೇಲೇ ಉಳಿಯುತ್ತಲ್ಲ," ಎಂದಳು.

ಅವನು ಪುಸ್ತಕ ಮುಚ್ಚಿದ. ಅದೇ ಅವನ ಒಪ್ಪಿಗೆ ಎಂದುಕೊಂಡರು.

ಹನ್ನೊಂದು ದಿನ ಮಗಳು ಕೂಗಿದಳು. ಮನೆಗೆ ಮೊಟ್ಟೆ ಬಂತು, ಔಷಧಿ ಬಂತು, ಅಜ್ಜಿಯ ಟೀಗೆ ಮತ್ತೆ ಎರಡು ಚಮಚ ಸಕ್ಕರೆ ಬಿತ್ತು. ಭಾನುವಾರ ಸಭೆ ಮುಗಿದ ಮೇಲೆ ಪಾಸ್ಟರು ಕೈ ಕುಲುಕಿ, "ಕರ್ತನು ತಡಮಾಡಿದರೂ ಮರೆಯುವವನಲ್ಲ," ಎಂದರೆ ಕೂಗಣ್ಣ ತಲೆಯಾಡಿಸುತ್ತಿದ್ದ. ಮೂರು ವಾರ ಎಂದು ಡಾಕ್ಟರು ಗೋಡೆಯ ಕ್ಯಾಲೆಂಡರಿನಲ್ಲಿ ತೋರಿಸಿಕೊಟ್ಟಿದ್ದರು. ಮೂರು ವಾರ ಎಂದೇ ಅವನು ದೇವರಿಗೂ ತಿಳಿಸಿಬಿಟ್ಟಿದ್ದ.

ಆ ದಿನ ಬಂತು. ಗಂಟಲ ಡಾಕ್ಟರಮ್ಮ ಸಣ್ಣ ಕನ್ನಡಿ ಇಳಿಸಿ ನೋಡಿದರು. ಇನ್ನೊಂದು ಸಲ ನೋಡಿದರು. ಹೆಂಡತಿ ಹೊರಗೆ ಔಷಧಿ ಕಿಟಕಿಯ ಸಾಲಿನಲ್ಲಿದ್ದಳು.

"ಕೆಂಪಗಿದೆ, ಊದಿಕೊಂಡಿದೆ. ಮಾತಾಡಿದ್ರಾ?"

ಅವನು ಬರೆದ: 'ಒಂದೇ ಸಲ. ಮಗಳ ಮೇಲೆ ಸಿಟ್ಟು ಬಂದು. ಒಂದೇ ಶಬ್ದ.'

"ಒಂದು ಶಬ್ದಕ್ಕೆ ಹೀಗಾಗಲ್ಲ ಇವ್ರೇ. ದಿನಾ ಕೆಲಸ ಕೊಟ್ಟಿದ್ದೀರಿ ಇದಕ್ಕೆ. ಪಿಸುಮಾತು ಆಡಿದ್ರೂ ಅಷ್ಟೇ, ಗಂಟಲು ಇನ್ನೂ ಬಿಗಿಯುತ್ತೆ. ನೆನಪು ಮಾಡ್ಕೊಳ್ಳಿ."

ನೆನಪು ಮಾಡಿಕೊಳ್ಳಲು ಕಷ್ಟಪಡಬೇಕಾಗಿರಲಿಲ್ಲ. ಹಿಂಬಾಗಿಲ ಬೆಂಚು ಆ ಕುರ್ಚಿಯಲ್ಲೇ ಅವನ ಕಣ್ಣಿಗೆ ಬಂತು. ಪೆನ್ನು ಹಾಳೆಯ ಮೇಲೆ ನಿಂತಲ್ಲೇ ಮಸಿ ಕಾರಿತು.

"ಇನ್ನು ಆರು ವಾರ ಬಾಯಿ ಬಿಡಬೇಡಿ," ಎಂದರು ಡಾಕ್ಟರಮ್ಮ. "ಅಷ್ಟಕ್ಕೂ ವಾಸಿಯಾಗದಿದ್ರೆ ಮತ್ತೆ ಕೊಯ್ಯಬೇಕಾಗುತ್ತೆ. ಆಮೇಲೆ ದನಿ ಹೇಗಿರುತ್ತೋ ನಾನು ಹೇಳಲಾರೆ."

ದಾರಿಯಲ್ಲಿ ಹೆಂಡತಿ ಕೇಳಿದರೂ ಅವನು ಪುಸ್ತಕ ತೆಗೆಯಲಿಲ್ಲ. ಮನೆಗೆ ಬಂದ ಮೇಲೆ ಮೂವರೂ ಅವನ ಸುತ್ತ ಕಾಯುತ್ತ ನಿಂತರು. ಅವನು ಬರೆದದ್ದನ್ನು ಹೆಂಡತಿ ಓದಿದಳು. "ವಾಸಿಯಾಗಿಲ್ಲ. ಇನ್ನು ಆರು ವಾರ."

"ಯಾಕಂತೆ?" ಎಂದಳು ಹೆಂಡತಿ.

ಅವನು ಬರೆಯಲಿಲ್ಲ.

"ಅವತ್ತು ಊಟದ ಹೊತ್ತಲ್ಲಿ ಕೂಗಿದ್ರಲ್ಲ, ಅದಕ್ಕಾ?"

ಇಲ್ಲ ಎಂದು ಕತ್ತು ಆಡಿಸಿದರೆ ಸಾಕಿತ್ತು. ಕೂಗಣ್ಣ ಮಗಳ ಕಡೆ ನೋಡಲಿಲ್ಲ. ಕತ್ತನ್ನು ಮೇಲೆ ಕೆಳಗೆ, ಒಂದೇ ಒಂದು ಸಲ ಆಡಿಸಿದ.

ಮಗಳ ಕೈ ಪಾತ್ರೆ ತೊಳೆಯುವ ಸಾಬೂನು ನೀರಿನಲ್ಲಿತ್ತು. ಅವಳು ಅದನ್ನು ಹೊರಗೆ ತೆಗೆಯಲಿಲ್ಲ. "ನಾನು ಹೇಳದೇ ಇದ್ದಿದ್ರೆ ಆಗ್ತಿತ್ತು," ಎಂದಳು ನೀರಿಗೇ ಹೇಳುವಂತೆ.

ಮಾರನೆಯ ಬೆಳಿಗ್ಗೆ ಅವಳು ಹಲಗೆ ಹತ್ತಲಿಲ್ಲ. ಕೆಳಗೆ ಪೆಟ್ಟಿಗೆಯ ಮೇಲೆ ಕುಳಿತು ಚೀಟಿ ಬರೆದಳು. ಯಜಮಾನರು ಗದರಿದರು, ಆಮೇಲೆ ಪುಸಲಾಯಿಸಿದರು. "ಅದು ಅಪ್ಪನ ಜಾಗ," ಎಂದಷ್ಟೇ ಹೇಳಿದಳು. ಬಾಮೈದ ಮತ್ತೆ ಬಂದ. ಮನೆಯಲ್ಲಿ ಮೊದಲು ಮೊಟ್ಟೆ ನಿಂತಿತು, ಆಮೇಲೆ ಹಾಲು ಅರ್ಧವಾಯಿತು. ಹೆಂಡತಿ ಹೊಲಿಗೆಯ ಜೊತೆಗೆ ಇಸ್ತ್ರಿಯ ಬಟ್ಟೆಯನ್ನೂ ಒಪ್ಪಿಕೊಂಡಳು. ಮಗಳು ಕರೆದರೆ ಬರುತ್ತಿದ್ದಳು, ಬಡಿಸಿದರೆ ತಿನ್ನುತ್ತಿದ್ದಳು. ಕೇಳಿದ್ದಕ್ಕೆ 'ಹೂಂ', 'ಉಹೂಂ'. ಅಪ್ಪ ಇರುವ ಕೋಣೆಯಲ್ಲಿ ಅದೂ ಇಲ್ಲ. ತನ್ನ ಬಾಯಿಂದ ಇನ್ನೇನಾದರೂ ಹೊರಟು ಇನ್ನೊಂದು ಅನಾಹುತವಾದೀತೆಂದು.

"ಕಿವುಡಿ ಅಂತ ನಾನೊಬ್ಬಳೇ ಇದ್ದೆ ಈ ಮನೇಲಿ," ಎಂದು ಅಜ್ಜಿ ಗೊಣಗಿದಳು. "ಈಗ ಮೂಗರು ಇಬ್ಬರಾದ್ರು. ಸೊಸೆ ಮೆಷಿನ್ ಜೊತೆ ಮಾತಾಡ್ತಾಳೆ. ನಾನು ಯಾರ ಜೊತೆ ಆಡಲಿ, ಬೆಕ್ಕಿನ ಜೊತೆಯಾ?"

ಎರಡನೆಯ ವಾರದ ಕೊನೆಗೆ ಯಜಮಾನರು ಮನೆಗೇ ಬಂದರು. ಟೀ ಲೋಟ ತಿರುಗಿಸುತ್ತ, ಹೇಳಲು ಮನಸ್ಸಿಲ್ಲದವರಂತೆ ಹೇಳಿದರು. "ಕೂಗಣ್ಣ, ತಿಂಗಳ ಕೊನೆ ತನಕ ನೋಡ್ತೀನಿ. ಆಮೇಲೆ ಸೋಮವಾರದಿಂದ ಬೇರೆ ಮಂಡಿಯವನೊಬ್ಬನ್ನ ಹಾಕ್ಕೋತೀನಿ. ಅವನು ಬಂದ ಮೇಲೆ ಎಬ್ಬಿಸೋಕಾಗಲ್ಲ. ಮಗಳು ಚೆನ್ನಾಗೇ ಕೂಗ್ತಿದ್ಲು, ಅದೇನಾಯ್ತೋ ಅವಳಿಗೆ."

ಅವರು ಹೋದ ಮೇಲೆ ಹೆಂಡತಿ ಲೋಟ ಎತ್ತುತ್ತ ಅತ್ತಳು. "ಪ್ರಾರ್ಥನೆ ಮಾಡಿ ಮಾಡಿ ಮೊಣಕಾಲು ನೋಯ್ತಿದೆ. ಇನ್ನೂ ಎಷ್ಟು ದಿನ ಕಾಯಬೇಕಂತೆ?"

ಅಜ್ಜಿಗೆ ಮಾತು ಕೇಳಿಸಲಿಲ್ಲ, ಅಳು ಕಾಣಿಸಿತು.

ಮರುದಿನ ಬೆಳಗಿನ ಜಾವ ಅಜ್ಜಿ ನೀರಿಗೆಂದು ಎದ್ದವಳು ಹಿಂಬಾಗಿಲು ತೆರೆದಿದ್ದದ್ದನ್ನು ಕಂಡಳು. ಬೆಂಚಿನ ಮೇಲೆ ಮಗ ಕಣ್ಣು ಮುಚ್ಚಿ ಕುಳಿತಿದ್ದ. ತುಟಿ ಅಲುಗುತ್ತಿತ್ತು. ಡಾಕ್ಟರು ಹೇಳಿದ ಮೇಲೂ ಅವನು ನಿಲ್ಲಿಸಿರಲಿಲ್ಲ. ಇನ್ನಷ್ಟು ಸಣ್ಣಗೆ ಮಾಡಿಕೊಂಡಿದ್ದ, ಅಷ್ಟೇ. ಸಣ್ಣಗೆ ಎಂದುಕೊಂಡದ್ದು ದುಃಖ ಏರಿದಾಗ ಗೊಣಗಾಟವಾಗುತ್ತಿತ್ತು.

ಅಜ್ಜಿ ಎರಡು ಬೆರಳನ್ನು ಅವನ ಗಂಟಲ ಮೇಲಿಟ್ಟಳು. ಅವನು ಬೆಚ್ಚಿಬಿದ್ದ.

"ಒಳಗೆ ಜೇನುಗೂಡು ಗುಂಯ್ ಅಂತಿದೆಯಲ್ಲೋ ಮಗಾ," ಎಂದಳು. "ದಿನಾ ಹೀಗೇನಾ?"

ಅವನು ತಲೆ ತಗ್ಗಿಸಿದ.

ಅಜ್ಜಿ ಪಕ್ಕದಲ್ಲಿ ಕುಳಿತಳು. ಬೆಳಕು ಇನ್ನೂ ಬೂದಿಯ ಬಣ್ಣದಲ್ಲಿತ್ತು. "ಬೈಬಲಿನ ಕತೇಲಿ, ದೇವಾಲಯದಲ್ಲಿ ಒಬ್ಬಳು ಹೆಂಗಸು ಬರೀ ತುಟಿ ಅಲ್ಲಾಡಿಸಿ ಪ್ರಾರ್ಥನೆ ಮಾಡಿದ್ದನ್ನ ಚಿಕ್ಕಂದಿನಲ್ಲಿ ನಾನೇ ನಿನಗೆ ಹೇಳಿಕೊಟ್ಟಿಲ್ವಾ? ಯಾಜಕ ಕುಡಿದಿದ್ದಾಳೆ ಅಂದ್ಕೊಂಡ. ಯಾಜಕನಿಗೆ ಕೇಳಿಸಲಿಲ್ಲ, ಕೇಳಬೇಕಾದವನಿಗೆ ಕೇಳಿಸಿತು. ದೇವರೇನು ನನ್ನ ಹಾಗೆ ಕಿವುಡನೇನೋ, ಕಿವಿ ಹತ್ತಿರ ಬಂದು ಕೂಗೋಕೆ?"

ಕೂಗಣ್ಣನ ಭುಜ ಕುಸಿಯಿತು.

"ನಾನೂ ಹನ್ನೊಂದು ವರ್ಷದಿಂದ ಈ ಕಿವಿಗೆ ಕೇಳ್ಕೋತಿದ್ದೀನಿ. ಕೊಟ್ಟಿಲ್ಲ. ಒಂದೊಂದು ದಿನ ಅವನ ಮೇಲೆ ಮುನಿಸೂ ಬರುತ್ತೆ, ಸುಳ್ಳು ಯಾಕೆ ಹೇಳಲಿ. ಆದ್ರೂ ಬೆಳಿಗ್ಗೆ ಎದ್ದು ಅವನ ಹತ್ತಿರಾನೇ ಕೂರ್ತೀನಿ. ಬೇರೆ ಎಲ್ಲಿಗೆ ಹೋಗಲಿ? ಕೊಡದೇ ಇದ್ರೂ ಅವನು ನನ್ನ ಬಿಟ್ಟು ಎದ್ದು ಹೋಗಿಲ್ಲ ಅನ್ನೋದು ನನಗೆ ಗೊತ್ತು."

ಅಜ್ಜಿ ಅವನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಹಾಗಾದ್ರೆ ಆ ಹುಡುಗಿ? ಅವಳಿಂದ ಆಯ್ತು ಅಂತ ತಲೆ ಆಡಿಸಿದ್ಯಲ್ಲ?"

ಅವನು ಪುಸ್ತಕ ತೆಗೆದು ದೊಡ್ಡ ಅಕ್ಷರದಲ್ಲಿ ಬರೆದ. ಅಜ್ಜಿ ಕನ್ನಡಕ ಮೂಗಿಗೇರಿಸಿ, ಹಾಳೆಯನ್ನು ಆಕಾಶದ ಕಡೆ ಹಿಡಿದು, ಅಕ್ಷರ ಅಕ್ಷರವಾಗಿ ಓದಿದಳು: 'ದನಿ ಬಂದ ಮೇಲೆ ಬಾಯಿಬಿಟ್ಟು ಹೇಳುತ್ತೇನೆ. ಅದಕ್ಕೇ ಕಾಯುತ್ತಿದ್ದೇನೆ.'

"ಇದು ಕಾಯೋದಲ್ಲಪ್ಪ," ಎಂದಳು. "ದನಿ ದೇವರ ಕೈಲಿದೆ, ಅದಕ್ಕೆ ಕಾಯಿ. ಇದು ನಿನ್ನ ಕೈಲೇ ಇದೆ. ಪೆನ್ನೂ ನಿನ್ನ ಕೈಲೇ ಇದೆ."

ಅಂದಿನಿಂದ ಆ ಬೆಂಚಿನ ಮೇಲೆ ಅವನ ತುಟಿ ಅಲುಗಲಿಲ್ಲ. ಕೈ ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ಕುಳಿತಿರುತ್ತಿದ್ದ. ಪಕ್ಕದಲ್ಲಿ ಅಜ್ಜಿಯೂ ಬಂದು ಕೂರುತ್ತಿದ್ದಳು. ಮೊದಲ ದಿನ ಅವನು ಹತ್ತು ನಿಮಿಷಕ್ಕೇ ಎದ್ದುಬಿಟ್ಟ. ಎರಡನೆಯ ದಿನ ಹಾಲಿನವನು ಬರುವ ತನಕ ಕುಳಿತ.

ಶನಿವಾರ ಸಂಜೆ, ಹೆಂಡತಿಯ ಪ್ರಾರ್ಥನೆ ಮುಗಿದ ಮೇಲೆ, ಬಡಿಸುವ ಮುಂಚೆ, ಅವನು ಮೊದಲೇ ಬರೆದಿಟ್ಟ ಹಾಳೆಯನ್ನು ಹೆಂಡತಿಯ ಮುಂದೆ ತಳ್ಳಿದ. ಅವಳು ಅಭ್ಯಾಸದಂತೆ ಅತ್ತೆಯ ಕಡೆ ತಿರುಗಿ, ಗಟ್ಟಿಯಾಗಿ ಓದತೊಡಗಿದಳು.

"ಗಂಟಲು ಕೆಟ್ಟದ್ದು ಮಗಳಿಂದಲ್ಲ. ದಿನಾ ಬೆಳಿಗ್ಗೆ ನಾನು ಪಿಸುಮಾತಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದೆ. ಒಂದು ಶಬ್ದಕ್ಕೆ ಹೀಗಾಗುವುದಿಲ್ಲ ಎಂದು ಡಾಕ್ಟರು ಅಂದೇ..."

ಅಲ್ಲಿಗೆ ದನಿ ಇಳಿಯಿತು. ಉಳಿದ ಸಾಲನ್ನು ಬಹಳ ನಿಧಾನವಾಗಿ ಓದಿದಳು. "ಅಂದೇ ಹೇಳಿದ್ದರು. ನನಗೆ ಗೊತ್ತಿತ್ತು. ಗೊತ್ತಿದ್ದೂ ತಲೆಯಾಡಿಸಿದೆ. ತಪ್ಪು ನನ್ನದು."

ಮಗಳು ಅಪ್ಪನನ್ನು ನೇರವಾಗಿ ನೋಡಿದಳು.

"ಹದಿನೆಂಟು ದಿನ ಆಯ್ತು ಅಪ್ಪ."

ಅವನು ತಲೆಯಾಡಿಸಿದ.

"ಹದಿನೆಂಟು ದಿನ ಹೆದರಿ ಹೆದರಿ ಬಾಯಿ ಮುಚ್ಕೊಂಡು ತಿರುಗಿದ್ದೀನಿ. ಸಭೇಲಿ ಹಾಡೋಕೂ ಬಾಯಿ ಬರ್ತಿರಲಿಲ್ಲ. ಅಪ್ಪನ ದನಿ ತಿಂದವಳು ನಾನು, ನನಗೆ ಹಾಡು ಬೇರೆ ಕೇಡು ಅಂತ. ನೀವು ಎದುರಿಗೇ ಕೂತು ಗಂಜಿ ಕುಡೀತಿದ್ರಿ!"

"ಅಪ್ಪನ ಹತ್ತಿರ ಹೀಗಾ ಮಾತಾಡೋದು?" ಎಂದಳು ತಾಯಿ. ಅದರಲ್ಲಿ ಜೋರಿರಲಿಲ್ಲ.

"ಆಡಲಿ ಬಿಡು," ಎಂದಳು ಅಜ್ಜಿ. "ಇವಳ ಮಾತು ಇವತ್ತು ನನಗೂ ಕೇಳಿಸ್ತಿದೆ."

ಮಗಳು ಆ ರಾತ್ರಿ ಅಪ್ಪನಿಗೆ ಬಡಿಸಲಿಲ್ಲ. ಅವನು ತಾನೇ ಎದ್ದು ಬಡಿಸಿಕೊಂಡ, ಉಂಡ ತಟ್ಟೆಯನ್ನು ತಾನೇ ತೊಳೆದಿಟ್ಟ. ಭಾನುವಾರ ಸಭೆಯಲ್ಲಿ ಮೊದಲ ಹಾಡಿಗೆ ಅವಳು ಸುಮ್ಮನಿದ್ದಳು. ಎರಡನೆಯದಕ್ಕೆ ಅವಳ ದನಿ ಕೇಳಿಸಿತು. ಅವನು ತಿರುಗಿ ನೋಡುವ ಧೈರ್ಯ ಮಾಡಲಿಲ್ಲ.

ಸಭೆಯಿಂದ ನೇರವಾಗಿ ಯಜಮಾನರ ಮನೆಗೆ ಹೋದ. ಅವರು ಬಾಗಿಲಲ್ಲೇ, "ನಾಳೆಯಿಂದ ಹೊಸಬ ಬರ್ತಾನೆ. ನಿಮ್ಮ ಜಾಗ ಇನ್ನೆಷ್ಟು ದಿನ ಹಿಡಿದಿಡಲಿ?" ಎಂದರು.

'ನನಗಲ್ಲ. ಅವಳಿಗೆ,' ಎಂದು ಬರೆದ.

"ಅವಳು ಒಪ್ಪಿದ್ದಾಳಾ?"

'ಗೊತ್ತಿಲ್ಲ.'

ಯಜಮಾನರು ಅವನ ಮುಖವನ್ನೂ ಹಾಳೆಯನ್ನೂ ನೋಡಿದರು. "ಮೊದಲ ಲಾರಿ ಇಳಿಯೋ ತನಕ. ಅಷ್ಟರಲ್ಲಿ ಅವಳು ಹತ್ತಿದ್ರೆ ಹೊಸಬನ್ನ ಈರುಳ್ಳಿ ಕಡೆ ಕಳಿಸ್ತೀನಿ. ಇಲ್ಲಾಂದ್ರೆ ನನ್ನ ಬೈಬೇಡಿ."

ಸೋಮವಾರ ಲಾರಿ ಹೊತ್ತಿಗೆ ಸರಿಯಾಗಿ ಬಂತು. ಮಗಳು ಪೆಟ್ಟಿಗೆಯ ಮೇಲೆ ಚೀಟಿ ಪುಸ್ತಕ ಬಿಚ್ಚಿ ಕುಳಿತಿದ್ದಳು. ಹೊಸಬ ಹಲಗೆಯ ಪಕ್ಕ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಆಗ ಕೂಗಣ್ಣ ಗೇಟು ದಾಟಿ ಬಂದ. ಹಮಾಲರು ಮೂಟೆ ಹೊತ್ತುಕೊಂಡೇ ಕೇಕೆ ಹಾಕಿದರು. "ಕೂಗಣ್ಣಾ! ಒಂದು ಕೂಗು ಹಾಕಣ್ಣಾ, ಗೋಡೆಗಳು ನಿದ್ದೆ ಹೋಗಿವೆ!" ಅವನು ತುಟಿಗೆ ಬೆರಳಿಟ್ಟು ಬೇಡವೆಂದು ಕೈಯಾಡಿಸಿದ. ಅವನು ಹಲಗೆಯ ಕಡೆ ನಡೆದದ್ದನ್ನು ಕಂಡು ಕೊಳ್ಳುವವರೆಲ್ಲ ದಾರಿ ಬಿಟ್ಟರು.

ಅವನು ಹಲಗೆ ಹತ್ತಲಿಲ್ಲ. ಮಗಳ ಮುಂದೆ ನಿಂತು, ಚೀಟಿ ಪುಸ್ತಕಕ್ಕೆ ಕೈ ಚಾಚಿದ.

ಅವಳು ಪುಸ್ತಕವನ್ನು ಎದೆಗೆ ಒತ್ತಿಕೊಂಡಳು. "ಏನಪ್ಪ ಇದು, ಎಲ್ಲರ ಮುಂದೆ."

ಅವನು ಎಳೆಯಲಿಲ್ಲ, ಕೈ ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಲಾರಿಯಿಂದ ಕೋಸಿನ ಮೂಟೆ ಒಂದೊಂದಾಗಿ ಇಳಿಯುತ್ತಿತ್ತು. ಆರು ಇಳಿಯಿತು, ಏಳು ಇಳಿಯಿತು. ಯಜಮಾನರು ಗಡಿಯಾರ ನೋಡಿದರು. ಅವನು ಹಾಗೇ ನಿಂತಿದ್ದ.

"ನನ್ನ ಸಿಟ್ಟು ಇನ್ನೂ ಹೋಗಿಲ್ಲ," ಎಂದಳು ಮೆಲ್ಲಗೆ.

ಗೊತ್ತು ಎಂಬಂತೆ ಅವನು ತಲೆಯಾಡಿಸಿದ.

ಕೊನೆಯ ಮೂಟೆ ನೆಲ ಮುಟ್ಟುವ ಹೊತ್ತಿಗೆ ಪುಸ್ತಕ ಅವನ ಕೈಗೆ ಬಂದಿತ್ತು. ಅವಳು ಹಲಗೆಯ ಮೇಲಿದ್ದಳು. ಅವನು ಆ ಗಿಡ್ಡ ಪೆಟ್ಟಿಗೆಯ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕುಳಿತ. "ಕೋಸು, ಹನ್ನೆರಡು ಮೂಟೆ, ಹತ್ತಿರ ಬನ್ನಿ, ನೋಡಿ ಕೇಳಿ," ಎಂದು ಸಣ್ಣ ದನಿ ಶುರುವಾಯಿತು. ಜನ ಒತ್ತಿಕೊಂಡು ಹತ್ತಿರ ಬಂದರು. ದರ ಏರಿತು, ನಿಂತಿತು. ಅವನು ಮೊದಲ ಚೀಟಿ ಬರೆದ: ಸರಕು, ತೂಕ, ಕೊಂಡವರು, ದರ.

ಕೆಳಗೆ ಕೂಗಿದವರ ಸಹಿಗೆಂದು ಒಂದು ಗೆರೆ ಇರುತ್ತದೆ. ಮೊದಲಿನ ಆ ಹನ್ನೊಂದು ದಿನ ಮಗಳು ಅಲ್ಲಿ ಅಪ್ಪನ ಹೆಸರನ್ನೇ ಬರೆದಿದ್ದಳು, ಜಾಗ ಅವನದೆಂದು. ಕೂಗಣ್ಣ ಆ ಗೆರೆಯನ್ನು ಖಾಲಿ ಬಿಟ್ಟು, ಚೀಟಿ ಹರಿದು, ಪೆನ್ನಿನ ಜೊತೆ ಮೇಲಕ್ಕೆ ಅವಳ ಕೈಗೆ ಕೊಟ್ಟ.